ತೋಟವನ್ನು ಸಾವಯವ ಮಾಡಿಕೊಡುವ ಕಂಪನಿ: ಮೂರು ವರ್ಷ ದುಡ್ಡು ಕಟ್ಟಿದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬರೆಯುವುದಿಲ್ಲ. ಅವರ ಹುಡುಗರು ಈಗಲೂ ತೋಟಕ್ಕೆ ಬರುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ, ನಾಳೆ ಮತ್ತೆ ಮುಖ ನೋಡಬೇಕಲ್ಲ. ಆದರೆ ಇಂಥ ಸೇವೆ ಕೊಡುತ್ತೇವೆ ಅಂತ ಕಾರಿನಲ್ಲಿ ಬಂದು ಬ್ರೋಷರ್ ಹಿಡಿಸಿ ಹೋಗುವವರು ನಮ್ಮೂರಿಗೆ ಇನ್ನೂ ಬರುತ್ತಿದ್ದಾರೆ. ಸಹಿ ಹಾಕುವ ಮುಂಚೆ ಯಾರಾದರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಬೇಲೂರು ತಾಲ್ಲೂಕು. ಎರಡೂವರೆ ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಮೆಣಸು. ಕೆಳಗೆ ಒಂದೂಕಾಲು ಎಕರೆ ಗದ್ದೆ. ಅಪ್ಪ ಇದ್ದಾಗ ಆ ಗದ್ದೆಯನ್ನು ಎರಡು ಸಲ ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು. ದುಡ್ಡು ಚೆನ್ನಾಗಿಯೇ ಬಂತು, ಸುಳ್ಳು ಯಾಕೆ ಹೇಳಲಿ, ಮನೆಗೆ ಆರ್‌ಸಿಸಿ ಹಾಕಿಸಿದ್ದು ಅದರಲ್ಲೇ. ಆಮೇಲೆ ಗದ್ದೆ ಹೇಗಾಯಿತು ಅಂದರೆ ಮಳೆ ಬಿದ್ದ ಮಾರನೇ ದಿನವೂ ಗುದ್ದಲಿ ಹಾಕಿದರೆ ಟಣ್ ಅನ್ನುತ್ತಿತ್ತು. ಒಂದು ಅಡಿ ಅಗೆದರೆ ಎರಡು ಎರೆಹುಳು ಸಿಕ್ಕರೆ ಪುಣ್ಯ.

2022ರಲ್ಲಿ ಪೊಟ್ಯಾಷ್ ಚೀಲ 1,700 ರೂಪಾಯಿ ಆಗಿತ್ತು, ನೆನಪಿರಬೇಕು. ಯೂರಿಯಾ ಮಾತ್ರ ಸಬ್ಸಿಡಿ ಕೃಪೆಯಿಂದ 45 ಕೆಜಿಗೆ 266 ರೂಪಾಯಿ 50 ಪೈಸೆ, ಅದೂ ಬೇಕಾದಾಗ ಸಿಗುತ್ತಿರಲಿಲ್ಲ. ಆ ತಲೆಬಿಸಿಯಲ್ಲಿ ಇರುವಾಗಲೇ ಈ ಕಂಪನಿಯವರು ಬಂದರು. ಎಕರೆಗೆ ವರ್ಷಕ್ಕೆ 6,000 ಶುಲ್ಕ. ಅದಕ್ಕೆ ತಿಂಗಳಿಗೊಮ್ಮೆ ತೋಟಕ್ಕೆ ಬಂದು ಹೇಳಿಕೊಡುತ್ತಾರೆ, ಗೊಬ್ಬರ ಔಷಧಿ ರಿಯಾಯಿತಿಯಲ್ಲಿ ತಂದು ಕೊಡುತ್ತಾರೆ, ಸರ್ಟಿಫಿಕೇಟ್ ಮಾಡಿಸುತ್ತಾರೆ, ಕೊನೆಗೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಮೂಟೆಗೆ ಮಾರ್ಕೆಟ್ ರೇಟಿನ ಮೇಲೆ 500 ರೂಪಾಯಿ ಸೇರಿಸಿ ಅವರೇ ಕೊಳ್ಳುತ್ತಾರೆ. ಮೂಟೆ ಐದು ಸಾವಿರದೊಳಗೆ ಇದ್ದ ಕಾಲ ಅದು. 500 ಅಂದರೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿಯೇ ಆಯಿತು. ಅಮ್ಮ ಒಂದೇ ಮಾತು ಕೇಳಿದ್ದು, "ಅವರಿಗೇನು ಲಾಭವಂತೆ?" ನಾನು ಅದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಮೇ ತಿಂಗಳಲ್ಲಿ ಸಹಿ ಹಾಕಿದೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಮೊದಲ ವರ್ಷ ಬಂದ ಹುಡುಗ ಬಂಗಾರ. ಕೃಷಿ ಡಿಪ್ಲೊಮಾ ಓದಿದವನು, ತಿಪಟೂರು ಕಡೆಯವನು. ಎರಡನೇ ಭೇಟಿಗೆ ಬಂದಾಗ ಕಣದಲ್ಲಿ ಕಡ್ಡಿ ಹಿಡಿದು ಕೂತು ಲೆಕ್ಕ ಹಾಕಿದ. "ಸರ್, ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ನಿಮ್ಮ 45 ಕೆಜಿ ಚೀಲದಲ್ಲಿ ಇಪ್ಪತ್ತು ಕೆಜಿ ಮೇಲೆ ಆಯ್ತು. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ. ಹಂಗಾದ್ರೆ ಒಂದು ಚೀಲ ಯೂರಿಯಾಕ್ಕೆ ಎಷ್ಟು ಗೊಬ್ಬರ ಬೇಕು ಹೇಳಿ?" ನಾಲ್ಕು ಟನ್. ನೆಲದ ಮೇಲೆ ಬರೆದು ತೋರಿಸಿದ. ಅದೂ ಮೊದಲ ವರ್ಷವೇ ಪೂರ್ತಿ ಗಿಡಕ್ಕೆ ಸಿಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಬಿಡುತ್ತದೆ. "ನಿಮ್ಮದು ಹಸು ಎಷ್ಟು ಸರ್?" ಎರಡು ಅಂದೆ. ನಕ್ಕುಬಿಟ್ಟ. ಈ ಲೆಕ್ಕ ಅವರ ಬ್ರೋಷರಿನಲ್ಲಿ ಎಲ್ಲೂ ಇರಲಿಲ್ಲ.

ಅವನು ಹೇಳಿದ್ದು ಇಷ್ಟೇ: ಚೀಲದ ಗೊಬ್ಬರ ನಿಲ್ಲಿಸಿ ಇನ್ನೊಂದು ಚೀಲದ ಗೊಬ್ಬರ ತಂದರೆ ಉದ್ಧಾರ ಆಗುವುದಿಲ್ಲ, ತೋಟದಲ್ಲೇ ಹುಟ್ಟಿಸಬೇಕು. ಹಾಲವಾಣದ ರೆಂಬೆ ಕಡಿದದ್ದನ್ನು ಸೌದೆ ಅಂತ ಹೊರಗೆ ಹಾಕಬೇಡಿ, ಗಿಡದ ಬುಡಕ್ಕೇ ಹಾಕಿ, ಅದು ಗಾಳಿಯ ಸಾರಜನಕ ಹಿಡಿಯುವ ಮರ. ಚೆರಿಯನ್ನು ಹಾಗೇ ಮಾರಿದರೆ ಸಿಪ್ಪೆಯೂ ವ್ಯಾಪಾರಿ ಜೊತೆ ಹೋಗುತ್ತದೆ, ಸಿಪ್ಪೆಯಲ್ಲಿ ಇರುವುದೇ ಪೊಟ್ಯಾಷ್, ಅದನ್ನು ಮಾರಿ ಆಮೇಲೆ 1,700 ಕೊಟ್ಟು ವಾಪಸ್ ತರುತ್ತೀರಿ ಅಂದ. ಅಷ್ಟು ವರ್ಷ ಕಾಫಿ ಮಾಡಿದ್ದೇವೆ, ಇದು ತಲೆಗೆ ಹೊಳೆದಿರಲಿಲ್ಲ. ಅವತ್ತಿನಿಂದ ಆದಷ್ಟು ಹಲ್ಲಿಂಗ್ ಮಾಡಿಸಿ, ಅಂದರೆ ಸಿಪ್ಪೆ ಬಿಡಿಸಿ, ಆ ಸಿಪ್ಪೆ ಮನೆಗೆ ತರುತ್ತೇನೆ, ಸಗಣಿ ಜೊತೆ ಗುಂಡಿಗೆ ಹಾಕುತ್ತೇನೆ. ಗದ್ದೆಗೆ ಐಆರ್-64 ಭತ್ತ ಬಿಟ್ಟು ರಾಜಮುಡಿ ಹಾಕಿ ಅಂದದ್ದೂ ಅವನೇ. ರಾಜಮುಡಿ ಉದ್ದ ಬೆಳೆಯುವ ಹಳೇ ತಳಿ, ಯೂರಿಯಾ ಜಾಸ್ತಿ ಆದರೆ ಮಲಗಿಬಿಡುತ್ತದೆ, ಅದಕ್ಕೇ ಜನ ಬಿಟ್ಟದ್ದು. ಯೂರಿಯಾ ಹಾಕದವನಿಗೆ ಅದೇ ಸರಿ ಅಲ್ವಾ.

ಆ ಹುಡುಗ ಹನ್ನೊಂದು ತಿಂಗಳಿಗೆ ಕೆಲಸ ಬಿಟ್ಟ. ಆಮೇಲೆ ಇಬ್ಬರು ಬಂದರು. ಅವರು ಕೆಟ್ಟವರಲ್ಲ, ಆದರೆ ಬಂದ ತಕ್ಷಣ ಮೊಬೈಲ್ ತೆಗೆದು ಗಿಡದ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ಹೊಡೆದು, "ಸರ್, ಈ ತಿಂಗಳು ಎಷ್ಟು ಬ್ಯಾಗ್ ಬರೀಲಿ?" ಅನ್ನುತ್ತಿದ್ದರು. ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಅವರ ಲಾಭ ಬ್ಯಾಗಿನಲ್ಲಿದೆ.

ಈಗ ಆ ಬ್ಯಾಗಿನ ಕಥೆ. ಎರಡನೇ ವರ್ಷ ಎರೆಗೊಬ್ಬರ 60 ಚೀಲ ಇಳಿಸಿದರು. 50 ಕೆಜಿ ಚೀಲ, 450 ರೂಪಾಯಿ, ರಿಯಾಯಿತಿ ದರವಂತೆ. ಲಾರಿ ತಮಿಳುನಾಡು ನಂಬರಿನದು. ಹೊರುವಾಗಲೇ ನಮ್ಮ ಆಳು ಹೇಳಿದ, "ಅಣ್ಣ, ಇದು ಗೊಬ್ಬರದ ಭಾರ ಅಲ್ಲ, ನೀರಿನ ಭಾರ." ಚೀಲದ ತಳ ಒದ್ದೆ. ಒಂದು ಚೀಲ ಬಿಚ್ಚಿ ಹಿಡಿ ತುಂಬಾ ಹಿಂಡಿದೆ, ಬೆರಳ ಸಂದಿಯಲ್ಲಿ ನೀರು ಬಂತು. ಸರಿ, ನೋಡೇ ಬಿಡೋಣ ಅಂತ ಕಣದಲ್ಲಿ ಟಾರ್ಪಾಲ್ ಹಾಸಿ ಆ ಒಂದು ಚೀಲವನ್ನು ಹರಡಿ ಮೂರು ದಿನ ಒಣಗಿಸಿದೆ. ಕಾಫಿ ಕೆದಕುವ ಹಾಗೆ ದಿನಕ್ಕೆ ಎರಡು ಸಲ ಕೆದಕಿದ್ದೂ ಆಯಿತು. ಆಮೇಲೆ ಮೆಣಸು ತೂಗುವ ತಕ್ಕಡಿಯಲ್ಲಿ ತೂಗಿದರೆ 30 ಕೆಜಿ. ಬಿಸಿಲಿಗೆ ಹೋಗದ ತೇವ ಇನ್ನೂ ಅದರಲ್ಲಿ ಇದ್ದಿರಬೇಕು. ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಎರೆಗೊಬ್ಬರಕ್ಕೂ ಅಳತೆ ಇದೆ: ತೇವ ನೂರಕ್ಕೆ 15ರಿಂದ 25, ಸಾರಜನಕ ಕನಿಷ್ಠ 1. ಇಲ್ಲಿ ತೇವವೇ ನೂರಕ್ಕೆ 40. ಅಂದರೆ 450 ರೂಪಾಯಿಯಲ್ಲಿ 180 ರೂಪಾಯಿ ನೀರಿಗೆ ಕೊಟ್ಟಿದ್ದೆ. ನಮ್ಮ ಊರಲ್ಲಿ ನೀರಿಗೇನು ಬರ.

ಫೋಟೊ, ತೂಕ ಎಲ್ಲ ಕಳಿಸಿದೆ. ಒಂದು ವಾರ ಉತ್ತರ ಇಲ್ಲ. ಆಮೇಲೆ "ಮಳೆಯಲ್ಲಿ ಲೋಡ್ ನೆನೆದಿದೆ ಸರ್" ಅಂದರು. ಅದು ಮಾರ್ಚ್ ತಿಂಗಳು. ಗಲಾಟೆ ಮಾಡಿದ ಮೇಲೆ ಹತ್ತು ಚೀಲ ಬದಲಿ ಕೊಟ್ಟರು, ಅವು ಚೆನ್ನಾಗಿದ್ದವು. ಇನ್ನೊಂದು, ಮೆಣಸಿನ ಸೊರಗು ರೋಗಕ್ಕೆ ಅಂತ ಕೊಟ್ಟ ಟ್ರೈಕೋಡರ್ಮಾ ಪ್ಯಾಕೆಟ್. ಅದು ಜೀವ ಇರುವ ಶಿಲೀಂಧ್ರ, ಬೇವಿನ ಹಿಂಡಿ ಜೊತೆ ಕಲಸಿ ಒದ್ದೆ ಗೋಣಿ ಮುಚ್ಚಿ ಬೆಳೆಸಿ ಬುಡಕ್ಕೆ ಹಾಕಬೇಕು. ಇವರ ಪ್ಯಾಕೆಟ್ ಅವಧಿ ಮುಗಿದು ಎರಡು ತಿಂಗಳಾಗಿತ್ತು, ತಗಡಿನ ಗೋಡೌನಿನಲ್ಲಿ ಬೇಸಿಗೆ ಕಳೆದದ್ದು ಬೇರೆ. ನಾನೂ ದಿನಾಂಕ ನೋಡದೆ ಹಾಕಿದೆ. 2024ರ ಮಳೆಯಲ್ಲಿ ಹನ್ನೊಂದು ಬಳ್ಳಿ ಹೋದವು. ಪ್ಯಾಕೆಟ್ ಸರಿ ಇದ್ದರೂ ಹೋಗುತ್ತಿದ್ದವೇನೋ, ಆ ವರ್ಷ ಮಳೆ ಹಾಗಿತ್ತು. ಆದರೂ ಹೊಟ್ಟೆ ಉರಿಯುತ್ತದೆ. ಒಳ್ಳೇ ಫಲ ಕೊಡುತ್ತಿದ್ದ ಬಳ್ಳಿಗಳು.

ಇಳುವರಿ ಲೆಕ್ಕ ಕೇಳುವವರಿಗೆ: ಮುಂಚೆ ಎರಡೂವರೆ ಎಕರೆಗೆ 45 ಮೂಟೆ ಚೆರಿ ಆಗುತ್ತಿತ್ತು. ಮೊದಲ ಕೊಯ್ಲು 38. ಎರಡನೆಯದು 31. ಮೂರನೆಯದು, ಅಂದರೆ ಈ 2025ರ ಕೊಯ್ಲು, 34. ಎರಡನೇ ವರ್ಷದ್ದು ಪೂರ್ತಿ ಸಾವಯವದ ತಪ್ಪಲ್ಲ, ಹೂಮಳೆ ಸರಿಯಾಗಿ ಆಗಲಿಲ್ಲ, ಹೂ ಬಿಟ್ಟ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ತಡವಾಯಿತು, ಪಕ್ಕದವರದ್ದೂ ಇಳಿದಿತ್ತು. ಆದರೆ ಅವರದ್ದು ನನ್ನಷ್ಟು ಇಳಿದಿರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ಎರಡೂ ಪದ್ಧತಿಯನ್ನು ಪಕ್ಕಪಕ್ಕದ ತಾಕುಗಳಲ್ಲಿ ಬೆಳೆದು ನೋಡುತ್ತಿದ್ದಾರೆ. ಇಪ್ಪತ್ತೊಂದು ವರ್ಷದ ಲೆಕ್ಕ 2002ರಲ್ಲಿ ಬಂತು: ಸಾವಯವದಲ್ಲಿ ಇಳುವರಿ ನೂರಕ್ಕೆ 20 ಕಡಿಮೆ, ಆದರೆ ಹಾಕಿದ ಗೊಬ್ಬರ ನೂರಕ್ಕೆ 34ರಿಂದ 53 ಕಡಿಮೆ. ಅಲ್ಲಿ ಬೆಳೆದದ್ದು ಗೋಧಿ, ಆಲೂಗೆಡ್ಡೆ, ಹುಲ್ಲು, ನಮ್ಮ ಕಾಫಿಗೆ ಹಾಗೇ ಅನ್ವಯಿಸುವುದಿಲ್ಲ. ಆದರೂ "ಇಳುವರಿ ಏನೂ ಕಡಿಮೆ ಆಗಲ್ಲ" ಅಂತ ಯಾರಾದರೂ ಹೇಳಿದರೆ ಕಾಫಿ ಕೊಟ್ಟು ಕಳಿಸಿ.

ನನಗೆ ನಿಜವಾಗಿ ಏಟು ಬಿದ್ದದ್ದು ಇಳುವರಿಯಿಂದ ಅಲ್ಲ, ರೇಟಿನಿಂದ. ನಾನು ಸೇರಿದ ಮೇಲೆ ಕಾಫಿಗೆ ಯಾರೂ ಕಂಡಿರದ ಬೆಲೆ ಬಂತು. 2024ರಲ್ಲಿ ರೋಬಸ್ಟಾ ಚೆರಿ ಮೂಟೆಗೆ ಹತ್ತು ಸಾವಿರ ದಾಟಿತು. ಸಂತೋಷವೇ. ಆದರೆ ಈ ಕೊಯ್ಲಿನಲ್ಲಿ ನನಗೆ 11 ಮೂಟೆ ಕಡಿಮೆ, ಹತ್ತು ಸಾವಿರ ಹಿಡಿದರೂ 1,10,000. ಗೊಬ್ಬರದಲ್ಲಿ ಉಳಿದದ್ದು ಮೂವತ್ತು ಸಾವಿರದ ಹತ್ತಿರ, ಅದರಲ್ಲಿ ಬಹುಪಾಲು ಎರೆಗೊಬ್ಬರ, ಹಿಂಡಿಗೆ ಹೋಯಿತು. ಕಂಪನಿಯ ಶುಲ್ಕ ವರ್ಷಕ್ಕೆ 22,500. ಅವರು ಹೇಳಿದ ಮೂಟೆಗೆ 500 ಹೆಚ್ಚುವರಿ? ಅದು ಪೂರ್ತಿ ಸಾವಯವ ಆದ ಮೇಲೆ. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮುಂಚೆ ಮೂರು ವರ್ಷ, ಭತ್ತ ರಾಗಿಗೆ ಬಿತ್ತನೆಗೆ ಮುಂಚೆ ಎರಡು ವರ್ಷ, ಇದು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮ. ಈ ಮಧ್ಯದ ವರ್ಷಗಳಲ್ಲಿ ಖರ್ಚು ಸಾವಯವದ್ದು, ಇಳುವರಿ ಸಾವಯವದ್ದು, ರೇಟು ಮಾತ್ರ ಸಾದಾ. ಸಹಿ ಹಾಕುವಾಗ ಇದನ್ನು ಹೇಳಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಒಪ್ಪಂದದಲ್ಲಿ ಹೆಚ್ಚುವರಿಯನ್ನು ಶೇಕಡಾ ಲೆಕ್ಕದಲ್ಲಿ ಬರೆಸಿಕೊಳ್ಳದೆ 500 ಅಂತ ಅಂಕಿಯಲ್ಲಿ ಬರೆಸಿಕೊಂಡದ್ದು ನನ್ನ ದಡ್ಡತನ. ಹತ್ತು ಸಾವಿರದ ಮೂಟೆಗೆ 500 ಅಂದರೆ ಸುಮ್ನೆ ಚಿಲ್ಲರೆ. ತೇವ ನೋಡುವಾಗ ವ್ಯಾಪಾರಿ ಅಷ್ಟು ಹಿಡಿಯುತ್ತಾನೆ.

ಕಳೆ ವಿಷಯ ಬೇಗ ಹೇಳುತ್ತೇನೆ. ಮುಂಚೆ ಕಳೆನಾಶಕ, ನಾಲ್ಕು ಆಳು, ಮುಗಿಯಿತು. ಈಗ ಮಿಷನ್ ಹೊಡೆದು, ಗಿಡದ ಬುಡ ಕೈಯಲ್ಲಿ ಬಿಡಿಸಿ, ಒಂದು ಸುತ್ತಿಗೆ ಹದಿನಾಲ್ಕು ಆಳು, ವರ್ಷಕ್ಕೆ ಎರಡು ಸುತ್ತು. ಆಳಿಗೆ 600, ಊಟ ಬೇರೆ. ಆಳು ಸಿಗುವುದೇ ಕಷ್ಟ. ಊರಲ್ಲಿ ನಾಲ್ಕು ಜನಕ್ಕೆ ಕೆಲಸ ಸಿಕ್ಕಿತು ಅಂತ ಬ್ರೋಷರಿನಲ್ಲಿ ಬರೆದಿದ್ದರು. ನಿಜ, ದುಡ್ಡು ನನ್ನ ಜೇಬಿನದು.

ಹಾಗಾದರೆ ಮಣ್ಣಿಗೆ ಏನಾಯಿತು? ಇಲ್ಲಿ ನಾನು ಕಂಪನಿಗಲ್ಲದಿದ್ದರೂ ಪದ್ಧತಿಗೆ ಪೂರ್ತಿ ಅಂಕ ಕೊಡುತ್ತೇನೆ. ಸೇರುವಾಗ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗದ್ದೆಯ ಮಣ್ಣು ಪರೀಕ್ಷೆ ಮಾಡಿಸಿದ್ದೆ, ಸಾವಯವ ಇಂಗಾಲ ನೂರಕ್ಕೆ 0.46. ಅರ್ಧಕ್ಕಿಂತ ಕೆಳಗೆ ಇದ್ದರೆ ಕಡಿಮೆ ಅಂತ ಲೆಕ್ಕ. ಈ ಬೇಸಿಗೆಯಲ್ಲಿ ಮತ್ತೆ ಮಾಡಿಸಿದೆ, 0.63, ಮಧ್ಯಮಕ್ಕೆ ಬಂದಿದೆ. ಡಯಾಂಚ ಅನ್ನುವ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬಿಡುವ ಹೊತ್ತಿಗೆ ಉಳುಮೆ ಮಾಡಿ ಮಣ್ಣಿಗೆ ಸೇರಿಸಿದ್ದೇ ಅದಕ್ಕೆ ಮುಖ್ಯ ಕಾರಣ ಅಂತ ನನ್ನ ಅಂದಾಜು. ಆ ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ತಂದದ್ದು, ಕಂಪನಿಯದ್ದಲ್ಲ. ಅದೇ ಒಂದು ಅಡಿ ಗುಂಡಿ ತೆಗೆದರೆ ಈಗ ಹನ್ನೊಂದು ಎರೆಹುಳು. ಗುದ್ದಲಿ ಟಣ್ ಅನ್ನುವುದಿಲ್ಲ. ಮಳೆ ಜೋರಾಗಿ ಬಂದರೆ ಬದುವಿನಿಂದ ಇಳಿಯುವ ನೀರು ಮುಂಚಿನ ಹಾಗೆ ಟೀ ಬಣ್ಣದಲ್ಲಿ ಇರುವುದಿಲ್ಲ. ನಮ್ಮ ಹಳ್ಳ ಯಗಚಿಗೆ ಸೇರುತ್ತದೆ, ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ. ನಾನು ಗದ್ದೆಗೆ ಎರಚಿದ ಯೂರಿಯಾದಲ್ಲಿ ಗಿಡ ತಿನ್ನದೆ ಬಿಟ್ಟದ್ದು ನೈಟ್ರೇಟ್ ಆಗಿ ಆ ದಾರಿಯಲ್ಲೇ ಹೋಗುತ್ತಿತ್ತು. ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೂ ಹೋಗುತ್ತದೆ, ಅದು ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು.

ಆದರೆ ಸಾವಯವ ಅಂದರೆ ರಾಸಾಯನಿಕವೇ ಇಲ್ಲ ಅಂದುಕೊಂಡಿದ್ದರೆ ತಪ್ಪು. ಮೆಣಸಿಗೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಿತಿಯಲ್ಲಿ ಬಳಸಲು ಸಾವಯವದಲ್ಲೂ ಅನುಮತಿ ಇದೆ. ಮೈಲುತುತ್ತ ಅಂದರೆ ತಾಮ್ರ, ತಾಮ್ರ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಮಣ್ಣಲ್ಲಿ ಕೂರುತ್ತದೆ, ಜಾಸ್ತಿ ಆದರೆ ಅದೇ ಎರೆಹುಳುವಿಗೆ ಕುತ್ತು. ತಮಿಳುನಾಡಿನಿಂದ ಡೀಸೆಲ್ ಸುಟ್ಟು ನೀರು ತುಂಬಿದ ಗೊಬ್ಬರ ತರುವುದು ಪರಿಸರಕ್ಕೆ ಎಷ್ಟು ಒಳ್ಳೆಯದು ಅಂತ ಅವರ ಆಫೀಸಿನಲ್ಲಿ ಕೇಳಿದೆ. ಕೇಳಿದವರು ನಕ್ಕರು, ನಾನೂ ನಕ್ಕೆ.

ಸರ್ಟಿಫಿಕೇಟ್ ಕೆಲಸ ಮಾತ್ರ ಅಚ್ಚುಕಟ್ಟು. ಫಾರ್ಮ್ ಡೈರಿ, ನಕ್ಷೆ, ತಪಾಸಣೆಗೆ ಬಂದವರ ಜೊತೆ ಓಡಾಟ, ಎಲ್ಲ ಅವರೇ ನೋಡಿಕೊಂಡರು. ಪಕ್ಕದ ಗದ್ದೆಯಲ್ಲಿ ಶುಂಠಿ ಇತ್ತು, ಅಲ್ಲಿ ಹೊಡೆದ ಔಷಧಿ ಗಾಳಿಗೆ ನಮ್ಮ ಕಡೆ ಬರುತ್ತದೆ ಅಂತ ಅಂಚಿನಲ್ಲಿ ಜಾಗ ಬಿಡಿಸಿದರು, ಅಲ್ಲಿ ಬೆಳೆದದ್ದು ಸಾವಯವ ಅಂತ ಮಾರುವ ಹಾಗಿಲ್ಲ. ಒಂದೂಕಾಲು ಎಕರೆ ಇರುವವನಿಗೆ ಆ ಅಂಚೂ ಅಂಚೇ. ಪಕ್ಕದ ಚಿಕ್ಕಪ್ಪನಿಗೆ ಹೇಳಲು ಹೋದರೆ, "ನಿನ್ನ ಗಾಳಿಯನ್ನ ನೀನೇ ತಡ್ಕೊಳಪ್ಪ" ಅಂದರು.

ಎಲ್ಲಕ್ಕಿಂತ ಮುಖ್ಯವಾದದ್ದು, ಸಹಿ ಹಾಕುವಾಗ ಯಾರೂ ಹೇಳದೇ ಇದ್ದದ್ದು: ಸರ್ಟಿಫಿಕೇಟ್ ನನ್ನ ಹೆಸರಲ್ಲಿ ಇಲ್ಲ. ಗುಂಪು ಪ್ರಮಾಣೀಕರಣ, ಕಾಗದ ಕಂಪನಿಯ ಕೈಯಲ್ಲಿ. ಅವರಿಗೆ ಕೊಟ್ಟರೆ ನನ್ನ ಭತ್ತ ಸಾವಯವ. ಬೇರೆಯವರಿಗೆ ಕೊಟ್ಟರೆ ಸಾದಾ ಭತ್ತ. 2025ರ ಜನವರಿಯಲ್ಲಿ ನಿಯಮ ಪರಿಷ್ಕರಣೆ ಆಗಿ ರೈತರ ಗುಂಪಿಗೇ ಕಾನೂನು ಮಾನ್ಯತೆ ಕೊಟ್ಟಿದ್ದಾರೆ, ನಮ್ಮ ಗುಂಪಿಗೆ ಅದು ಯಾವಾಗ ಅಂತ ಕೇಳಿದರೆ ಪ್ರೊಸೆಸ್‌ನಲ್ಲಿ ಇದೆ ಅನ್ನುತ್ತಾರೆ. ಪಿಜಿಎಸ್ ಅಂತ ಇನ್ನೊಂದು ದಾರಿ ಇದೆ ಅನ್ನುವುದೂ ನನಗೆ ಆಮೇಲೆ ಗೊತ್ತಾಯಿತು. ಕನಿಷ್ಠ ಐದು ಜನ ರೈತರು ಸೇರಿ ಒಬ್ಬರ ಜಮೀನನ್ನು ಇನ್ನೊಬ್ಬರು ತಪಾಸಣೆ ಮಾಡಿಕೊಳ್ಳುವುದು. ಅದರಲ್ಲಿ ರಫ್ತು ಆಗುವುದಿಲ್ಲ, ಆದರೆ ದೇಶದೊಳಗೆ ಮಾರಬಹುದು, ಬದಲಾವಣೆಯ ವರ್ಷಗಳಲ್ಲೇ ಪಿಜಿಎಸ್ ಗ್ರೀನ್ ಅನ್ನುವ ಗುರುತು ಸಿಗುತ್ತದೆ. ಹಾಸನದಲ್ಲಿ ಅಕ್ಕಿ ಮಾರುವವನಿಗೆ ರಫ್ತಿನ ಕಾಗದ ಯಾಕೆ ಬೇಕಿತ್ತು ಹೇಳಿ.

ಅಕ್ಕಿ ಅಂದಾಗ ನೆನಪಾಯಿತು. ಕಳೆದ ಹಂಗಾಮಿನ ರಾಜಮುಡಿ 17 ಕ್ವಿಂಟಲ್ ಭತ್ತ ಆಯಿತು, ಐಆರ್-64 ಇದ್ದಾಗಿನ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಸರ್ಕಾರದ ಬೆಂಬಲ ಬೆಲೆ 2,300 ಇತ್ತು, ಕಂಪನಿ 3,400ಕ್ಕೆ ಎಂಟು ಕ್ವಿಂಟಲ್ ತೆಗೆದುಕೊಂಡಿತು. ತೂಕ ಸರಿ, ದುಡ್ಡು ಹದಿನೈದು ದಿನದಲ್ಲಿ ಖಾತೆಗೆ ಬಂತು. ಅದಕ್ಕೆ ಅವರನ್ನು ಮೆಚ್ಚಬೇಕು. ಉಳಿದದ್ದನ್ನು ಅಕ್ಕಿ ಮಾಡಿಸಿ ಮನೆಗೆ ಎರಡು ಕ್ವಿಂಟಲ್ ಇಟ್ಟುಕೊಂಡು ಮಿಕ್ಕದ್ದನ್ನು ಹಾಸನದ ಕೆ.ಆರ್.ಪುರಂನಲ್ಲಿರುವ ನೆಂಟರು, ಅವರ ಪಕ್ಕದ ಮನೆಯವರು, ಅವರ ಆಫೀಸಿನವರು ಅಂತ ಕೆಜಿಗೆ 85ರಂತೆ ಕೊಟ್ಟೆ. ಒಬ್ಬರೂ ಸರ್ಟಿಫಿಕೇಟ್ ಕೇಳಲಿಲ್ಲ. ಮೂರು ಮನೆಯವರು ಭಾನುವಾರ ಮಕ್ಕಳನ್ನು ಕರೆದುಕೊಂಡು ಬಂದು ಗದ್ದೆ ನೋಡಿ, ಅಮ್ಮನ ಕೈಯ ಕಡುಬು ತಿಂದು ಹೋದರು.

ಶ್ರೀಲಂಕಾದ ಕಥೆ ಹೇಳಿ ಹೆದರಿಸುವವರು ಊರಲ್ಲಿ ಇದ್ದಾರೆ. ಅಲ್ಲಿ 2021ರಲ್ಲಿ ರಸಗೊಬ್ಬರದ ಆಮದನ್ನು ಒಂದೇ ಸಲಕ್ಕೆ ನಿಲ್ಲಿಸಿದರು, ಭತ್ತ, ಚಹಾ ಎಲ್ಲ ಕುಸಿಯಿತು, ಅದೇ ವರ್ಷ ನವೆಂಬರಿನಲ್ಲಿ ಹಿಂದೆ ತೆಗೆದರು. ಸಿಕ್ಕಿಂ 2016ರಲ್ಲಿ ಪೂರ್ತಿ ಸಾವಯವ ಅಂತ ಘೋಷಣೆ ಆಯಿತು, ಆದರೆ ಅವರು ಶುರು ಮಾಡಿದ್ದು 2003ರಲ್ಲಿ. ನಮ್ಮ ಆ ತಿಪಟೂರು ಹುಡುಗ ಮೊದಲ ದಿನವೇ ಹೇಳಿದ್ದ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ ಸರ್, ಮೊದಲು ಗದ್ದೆ ಮಾಡಿ, ಎರಡು ವರ್ಷ ಗೊಬ್ಬರದ ಗುಂಡಿ ತುಂಬಿಸಿಕೊಂಡು ಆಮೇಲೆ ತೋಟಕ್ಕೆ ಕೈ ಹಾಕಿ ಅಂತ. ಅವನ ಮೇಲಿನವರು ಪೂರ್ತಿ ಜಮೀನು ನೋಂದಾಯಿಸಿದರೇ ಸೇವೆ ಅಂದರು. ಅವರ ಶುಲ್ಕ ಎಕರೆ ಲೆಕ್ಕದ್ದಲ್ವಾ. ಅವನ ಮಾತು ಕೇಳಿದ್ದರೆ ಆ 31 ಮೂಟೆಯ ವರ್ಷ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಅಂಕ ಕೊಡಬೇಕು ಅಂದರೆ ಕಾಗದ ಪತ್ರಕ್ಕೆ ಐದಕ್ಕೆ ನಾಲ್ಕೂವರೆ, ದುಡ್ಡು ಕೊಡುವುದಕ್ಕೆ ನಾಲ್ಕು, ಸಲಹೆಗೆ ಮೊದಲ ವರ್ಷ ಐದು ಆಮೇಲೆ ಎರಡು, ಗೊಬ್ಬರ ಔಷಧಿಗೆ ಒಂದೂವರೆ. ಸೇರಬೇಡಿ ಅಂತ ಹೇಳುವುದಿಲ್ಲ. ಐದಾರು ಹಸು ಇದ್ದು, ಮನೆಯಲ್ಲೇ ಕೆಲಸ ಮಾಡುವ ಕೈ ಇದ್ದು, ಮೂರು ವರ್ಷ ಕಡಿಮೆ ಬಂದರೂ ಸಾಲ ತೀರಿಸುವ ಬೇರೆ ದಾರಿ ಇದ್ದರೆ ಸೇರಿ. ಬೆಳೆ ಸಾಲದ ಮೇಲೆಯೇ ವರ್ಷ ಓಡುತ್ತಿದ್ದರೆ ಈಗಲೇ ಬೇಡ. ಸೇರುವವರು ಹೆಚ್ಚುವರಿ ಬೆಲೆಯನ್ನು ಶೇಕಡಾದಲ್ಲಿ ಬರೆಸಿಕೊಳ್ಳಿ, ಅವರ ಗೊಬ್ಬರವನ್ನೇ ಕೊಳ್ಳಬೇಕು ಅನ್ನುವ ಸಾಲು ಇದ್ದರೆ ಹೊಡೆದು ಹಾಕಿಸಿ, ಚೀಲ ಬಂದರೆ ಹಿಂಡಿ ನೋಡಿ.

ನಮ್ಮ ತೋಟದ ಮೂರು ವರ್ಷ 2025ರ ಮೇ ತಿಂಗಳಿಗೆ ಮುಗಿಯಿತು. ಮುಂದಿನ ಕೊಯ್ಲು ಮೊದಲನೇ ಸಾವಯವ ಕಾಫಿ. ಮಳೆ ಈ ಸಲ ಮೇನಲ್ಲೇ ಹಿಡಿದುಬಿಟ್ಟಿತು, ಸಿಪ್ಪೆ ಗುಂಡಿಗೆ ತಗಡು ಮುಚ್ಚುವಷ್ಟರಲ್ಲಿ ಅರ್ಧ ನೆನೆಯಿತು. ಒಪ್ಪಂದ ನವೀಕರಣಕ್ಕೆ ಬಂದ ಹೊಸ ಹುಡುಗನಿಗೆ ಎರಡು ಕೇಳಿದ್ದೇನೆ, 500 ಬದಲು ನೂರಕ್ಕೆ ಹದಿನೈದು, ಗೊಬ್ಬರ ನನ್ನದೇ. "ಮೇಲಿನವರನ್ನ ಕೇಳಿ ಹೇಳ್ತೀನಿ ಸರ್" ಅಂದು ಹೋಗಿದ್ದಾನೆ. ಈ ಕಡೆ ಊರಲ್ಲೇ ಪಿಜಿಎಸ್‌ಗೆ ನಾಲ್ಕು ಜನ ಆಗಿದ್ದೇವೆ. ಐದನೆಯವರು ಚಿಕ್ಕಪ್ಪ ಆದರೆ ಗಾಳಿ ಜಗಳವೂ ಮುಗಿಯುತ್ತದೆ. ಶುಂಠಿ ರೇಟು ಇಳಿದ ಮೇಲೆ ಇನ್ನೊಂದು ಸಲ ಕೇಳಿ ನೋಡಬೇಕು.